ಟ್ಯೂಬು ಇಳಿಯದ ಹೊಟ್ಟೆ

ತುರ್ಭೆ ಮಾರ್ಕೆಟ್ಟಿನ ಹಮಾಲ ಚನ್ನು ಏನೂ ಹೊರಬರದೆ ಓಕರಿಸುತ್ತಿದ್ದ; ಅವನ ಜಠರ ತಿರುಚಿಕೊಂಡಿತ್ತು. ನಮ್ಮ ಆಸ್ಪತ್ರೆ ಅದನ್ನು ಗ್ಯಾಸ್ ಎಂದು ಹೇಳಿ ಅವನನ್ನು ಮನೆಗೆ ಕಳಿಸಿತು. ಅವನು ಸತ್ತ.

ಮರುವಾರ ಒಂದು ಮಧ್ಯಾಹ್ನ ಚನ್ನು ಮಲಗಿದ್ದ ಹಾಸಿಗೆಗೇ ಐರೋಲಿಯ ಮಹಾದೇವಕ್ಕ ಬಂದಳು. ಡ್ಯೂಟಿ ಡಾಕ್ಟರ್ ನಾನೇ. ಗಾಳಿಯಿಲ್ಲದಿದ್ದರೂ ಪರದೆಗಳು ನೀರಿನೊಳಗಿರುವಂತೆ ಮೆಲ್ಲಗೆ ತೂಗುತ್ತಿದ್ದವು. ಅವಳ ಮೈ ಸುಡುತ್ತಿತ್ತು, ಹೊಟ್ಟೆ ಮಾತ್ರ ಬಾವಿಕಲ್ಲಿನಂತೆ ತಣ್ಣಗಿತ್ತು. ಮೂಗಿನಿಂದ ಇಳಿಸಿದ ಟ್ಯೂಬು ಎದೆಯ ಕೆಳಗೆ ತಡೆದು ನಿಂತಿತು. ಜಠರ ತಿರುಚಿದ್ದರೆ ಹಾಗಾಗುತ್ತದೆ. ಆಪರೇಷನ್ ತಡವಾದರೆ ಜೀವ ಉಳಿಯುವುದಿಲ್ಲ. ಟ್ಯೂಬಿಗೆ ಗಾಳಿ ತಳ್ಳಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ. ಒಳಗೆ, ಏನೂ ಹೊರಬರದೆ ಓಕರಿಸುವ ಗಂಡಸಿನ ದನಿ ಕೇಳಿತು.

"ನೀವಾ ಅಕ್ಕ, ಓಕರಿಸಿದ್ದು?"

"ನಾ ಬಾಯೇ ತೆರದಿಲ್ರೀ ಡಾಕ್ಟರಬಾಯಿ. ಅಂವಾ ಮುಂಜಾನಿಂದ ಹಂಗ ಮಾಡಾಕತ್ತಾನ. ಪಾಪ, ಅವನ್ನೂ ಒಂಚೂರು ನೋಡ್ರಿ."

ಆ ಕೋಣೆಯಲ್ಲಿ ಗಂಡಸರೇ ಇರಲಿಲ್ಲ.

ಚನ್ನುವನ್ನು ಮನೆಗೆ ಕಳಿಸಿದ್ದ ಹಿರಿಯ ಡಾಕ್ಟರ್ ಶಶಿಕಾಂತ್ ಬಂದರು. ಸ್ಟೆತಾಸ್ಕೋಪ್ ಕಿವಿಗಿಟ್ಟವರು ಬೆಚ್ಚಿ ಕಿತ್ತರು.

"ಅರೆ, ಅಸಿಡಿಟಿ ಹೈ, ಬಸ್. ಬೆಡ್ ಖಾಲಿ ಮಾಡ್ಸು ನಿಶ್ಮಿತಾ."

"ನಿಮಗೆ ಎಂತ ಕೇಳಿಸಿತು ಸರ್?"

ಅವರು ಒರೆಸಿದಷ್ಟೂ ಹಣೆ ಬೆವರುತ್ತಿತ್ತು. "ಡಿಸ್ಚಾರ್ಜ್ ಮಾಡು ಅಂದೆ!"

"ಇಲ್ಲ ಸರ್. ಸರ್ಜನ್ ಬಂದು ನೋಡುವವರೆಗೆ ಇವರನ್ನು ನಾನು ಕಳಿಸುದಿಲ್ಲ."