ನಾಲ್ಕನೆಯ ಚೀಲದ ಹೆಪ್ಪು

"ಬರೀ ತೊಟ್ಟಿ ತೊಳೆಯೋ ಕೆಲಸಕ್ಕೆ ಈ ವಯಸ್ಸಲ್ಲಿ ನೀವ್ಯಾಕೆ ಒದ್ದಾಡ್ಬೇಕು ಹೇಳಿ" ಎಂದರು ಡಾಕ್ಟರಮ್ಮ. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕಣ್ಣಾಸ್ಪತ್ರೆಯ ಮೀನಿನ ತೊಟ್ಟಿಯನ್ನು ಒಂದು ಕಂಪನಿ ನೋಡಿಕೊಳ್ಳುತ್ತದೆ, ಅವರ ಕಡೆಯವನೊಬ್ಬ ಬಂದು ಹೋಗುತ್ತಾನೆ, ಮೀನಣ್ಣ ಹಾಯಾಗಿ ಮನೆಯಲ್ಲಿರಬಹುದು. ಮೀನಣ್ಣ "ಆಯ್ತಮ್ಮ" ಅಂದ. ಬೇರೇನು ಅಂದಾನು?

ಬರೀ ತೊಳೆಯೋ ಕೆಲಸವಂತೆ! ಹತ್ತೊಂಬತ್ತು ವರ್ಷ ಅವನು ಮಾಡಿದ್ದು ತೊಳೆಯದೇ ಇರುವ ಕೆಲಸ. ಹನ್ನೆರಡು ಅಡಿ ಉದ್ದದ ಆ ತೊಟ್ಟಿಯ ಕೆಳಗೆ ಮರದ ಕಪಾಟು, ಕಪಾಟಿನೊಳಗೆ ಫಿಲ್ಟರು. ಅದರ ಮೊದಲ ಮನೆಯಲ್ಲಿ ಸ್ಪಂಜು, ಹತ್ತಿ. ಕಣ್ಣಿಗೆ ಕಾಣುವ ಕೊಳೆಯನ್ನೆಲ್ಲ ಅವು ಹಿಡಿಯುತ್ತವೆ, ಯಾರು ಬೇಕಾದರೂ ತೊಳೆಯಬಹುದು. ಎರಡನೆಯ ಮನೆಯಲ್ಲಿ ನಾಲ್ಕು ಬಲೆಚೀಲಗಳ ತುಂಬ ಬೆರಳು ಗಾತ್ರದ ಪಿಂಗಾಣಿ ಉಂಗುರಗಳು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಅವುಗಳ ಮೇಲೆ ಕೋಟಿಗಟ್ಟಲೆ ಇರುತ್ತವೆ. ನೋಡಲು ಕಂದು ಲೋಳೆ, ಮೂಸಿದರೆ ಹಸಿ ಮಣ್ಣಿನ ವಾಸನೆ. ನಲ್ಲಿ ನೀರಿನ ಕ್ಲೋರಿನ್ ಸೋಕಿದರೂ ಅವು ಸಾಯುತ್ತವೆ. ಹಾಗಾಗಿ ಆ ಉಂಗುರಗಳನ್ನು ತೊಳೆಯಬಾರದು. ತೊಟ್ಟಿಯದೇ ನೀರಲ್ಲಿ ಆರು ತಿಂಗಳಿಗೊಮ್ಮೆ ಅದ್ದಿ ತೆಗೆಯಬೇಕು, ಅಷ್ಟೇ. ಮೀನಣ್ಣ ಅದನ್ನು ಹೆಪ್ಪು ಅನ್ನುತ್ತಿದ್ದ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹೊಸ ತೊಟ್ಟಿಗೆ ಹಳೇ ಫಿಲ್ಟರಿನ ಒಂದು ಹಿಡಿ ಉಂಗುರ ಹಾಕಿದರೆ ಸಾಕು, ಅಂದೇ ಮೀನು ಬಿಡಬಹುದು. ಆಸ್ಪತ್ರೆಯಲ್ಲಿ ನರ್ಸು, ಡ್ರೈವರು, ಔಷಧಿ ಅಂಗಡಿಯವ ಎಲ್ಲರ ಮನೆಯ ತೊಟ್ಟಿಯೂ ಅವನ ಹೆಪ್ಪಿನಿಂದಲೇ ನಿಂತಿದ್ದು. ಕೇಳಿದವರಿಗೆ ಅವನು ಇಲ್ಲ ಅಂದದ್ದಿಲ್ಲ.

ತೊಟ್ಟಿಯಲ್ಲಿ ಹನ್ನೊಂದು ಆಸ್ಕರ್ ಮೀನುಗಳು. ಹಿರಿಯವನ ಹೆಸರು ದೊರೆ. ಹದಿಮೂರು ವರ್ಷ, ಮೊಳದುದ್ದ, ಬಾಲದ ಬುಡದಲ್ಲಿ ಕೆಂಡದಂಥ ಚುಕ್ಕೆ. ಆಪರೇಷನ್ ಆದವರ ಪಟ್ಟಿ ಬಿಚ್ಚಿದ ಕೂಡಲೇ ಡಾಕ್ಟರಮ್ಮ ಕೈಹಿಡಿದು ಅವರನ್ನು ಈ ಗಾಜಿನೆದುರು ತಂದು ನಿಲ್ಲಿಸಿ, "ಏನು ಕಾಣಿಸ್ತಿದೆ ಹೇಳಿ" ಎಂದು ಕೇಳುತ್ತಿದ್ದರು. ಹೆಚ್ಚಿನವರು ಮೊದಲು ನೋಡುತ್ತಿದ್ದುದು ದೊರೆಯನ್ನೇ. ಕೆಲವರು ಅಲ್ಲೇ ಅತ್ತುಬಿಡುತ್ತಿದ್ದರು. ಗಾಜಿನ ಹಿಂದೆ ಬಕೆಟ್ಟು ಹಿಡಿದು ನಿಂತವನನ್ನು ಮಾತ್ರ ಯಾರೂ ನೋಡಿದ್ದಿಲ್ಲ. ಅವನಿಗೆ ಅದರ ಬೇಸರವಿರಲಿಲ್ಲ, ಆದರೆ ಈಗ ಸುಸ್ತಾಗಿತ್ತು. ಮಂಡಿ ನೋಯುತ್ತಿತ್ತು. ಮನೆಗೆ ಹೋಗು ಅಂದಿದ್ದರೆ ಹೋಗುತ್ತಿದ್ದನೋ ಏನೋ. ಬರೀ ತೊಳೆಯುವವನು ಅನ್ನಿಸಿಕೊಂಡು ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಅವನು ಯೋಚನೆ ಮಾಡಿದ. ವಿಷ ಹಾಕುವುದು ದಡ್ಡರ ಕೆಲಸ. ಫಿಲ್ಟರಿನೊಳಗಿನ ಜೀವ ತೆಗೆದರೆ ಸಾಕು, ಉಳಿದದ್ದನ್ನು ಮೀನುಗಳೇ ಮಾಡಿಕೊಳ್ಳುತ್ತವೆ. ನೀರು ಗಾಜಿನಂತೆ ತಿಳಿಯಾಗೇ ಇರುತ್ತದೆ. ಮೂರನೇ ದಿನಕ್ಕೆ ಮೀನು ಮೇವು ಬಿಡುತ್ತದೆ, ಐದನೇ ದಿನಕ್ಕೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಆಗ ಉಸ್ತುವಾರಿ ಯಾರದು? ಕಂಪನಿಯವನದು. ಯಾರನ್ನು ಕರೆಯುತ್ತಾರೆ? ಇನ್ಯಾರನ್ನು! ಮೀನು ಸಾಯಬಾರದು, ಅದು ಮುಖ್ಯ. ದೊರೆ ಸತ್ತರೆ ತಾನು ಗೆದ್ದೂ ಸೋತ ಹಾಗೆ. ಅದಕ್ಕೇ ನಾಲ್ಕು ಚೀಲದಲ್ಲಿ ಒಂದು ಚೀಲ ಜೀವಂತ ಹೆಪ್ಪು ತನ್ನ ಬಚ್ಚಲಮನೆಯಲ್ಲಿರಬೇಕು, ಹೊತ್ತು ನೋಡಿ ತರಬೇಕು.

ಆಸ್ಪತ್ರೆಗೆ ರಜೆಯಿದ್ದ ಕೊನೆಯ ಭಾನುವಾರ ಬೆಳಿಗ್ಗೆ ಹೋಗಿ ನಾಲ್ಕನೆಯ ಚೀಲವನ್ನು ತೊಟ್ಟಿ ನೀರು ತುಂಬಿದ ಬಕೆಟ್ಟಿನಲ್ಲಿ ಮನೆಗೆ ತಂದ. ಜಾಗ ಖಾಲಿ ಕಾಣಬಾರದಲ್ಲ, ಹೊಸ ಉಂಗುರಗಳನ್ನು ಚಹಾಪುಡಿ ಹಾಕಿ ಕುದಿಸಿ ಕಂದು ಬಣ್ಣ ಹತ್ತಿಸಿ ಅಲ್ಲಿಟ್ಟಿದ್ದ. ಸ್ವತಃ ಅವನಿಗೇ ಗುರುತು ಹತ್ತದಷ್ಟು ಚೆನ್ನಾಗಿ ಕೂತಿತು. ತೊಟ್ಟಿಯೊಳಗಿನ ಕಲ್ಲು, ಸ್ಪಂಜುಗಳಲ್ಲೂ ಆ ಜೀವಿಗಳು ಒಂದಿಷ್ಟು ಕೂತಿರುತ್ತವೆ; ಕಲ್ಲುಗಳನ್ನೆಲ್ಲ ನಲ್ಲಿ ನೀರಲ್ಲಿ ಉಜ್ಜಿದ. ಹಳೆಯ ಸ್ಪಂಜು ಬಿಸಾಡಿ ಹೊಸದು ಹಾಕಿದ. ಸೋಮವಾರ ಡಾಕ್ಟರಮ್ಮ ನೋಡಿ, "ಹೋಗೋ ಹೊತ್ತಲ್ಲೂ ಎಷ್ಟು ಶ್ರದ್ಧೆ ನೋಡಿ!" ಎಂದು ಎಲ್ಲರೆದುರು ಹೊಗಳಿದರು. ಮೀನಣ್ಣನಿಗೆ ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ.

ಮನೆಯಲ್ಲಿ ಬಕೆಟ್ಟಿಗೆ ಗಾಳಿಯ ಪಂಪು ಹಾಕಿ, ದಿನಕ್ಕೊಂದು ಚಿಟಿಕೆ ಮೀನಿನ ಮೇವು ಉದುರಿಸುತ್ತಿದ್ದ. ಅದು ಕೊಳೆತರೆ ತಾನೇ ಜೀವಿಗಳಿಗೆ ಊಟ.

"ಏನ್ರೀ ಇದು ಬಚ್ಚಲಲ್ಲಿ ಗುಳುಗುಳು?" ಎಂದಳು ಹೆಂಡತಿ. "ಮನೆಗೂ ಮೀನು ತಂದ್ರಾ?"

"ಮೀನಲ್ಲ ಕಣೇ, ಕಲ್ಲು."

"ಕಲ್ಲಿಗೆ ಊಟ ಹಾಕ್ತಿದೀರಲ್ಲ! ನಂಗೊಂದಿನ ಊಟ ಆಯ್ತಾ ಅಂತ ಕೇಳಿದೀರಾ ನೀವು?"

ಕೊನೆಯ ದಿನ, ಬುಧವಾರ, ಬೆಳಿಗ್ಗೆ ಏಳಕ್ಕೆಲ್ಲ ಹೋದ. ಸಿಬ್ಬಂದಿಯ ಚಹಾಕ್ಕೆ ಕಾಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಳಿದ ಮೂರು ಚೀಲಗಳ ಮೇಲೆ ಮೆಲ್ಲಗೆ, ಲೋಳೆ ಕದಡದಂತೆ ಸುರಿದ. ಹಬೆ ಎದ್ದಿತು. ಹತ್ತೊಂಬತ್ತು ವರ್ಷದ ಸಂಸಾರ ಹತ್ತು ನಿಮಿಷದಲ್ಲಿ ಮುಗಿಯಿತು. ಚೀಲಗಳನ್ನು ತಣಿಸಿ ಮತ್ತೆ ಅವವುಗಳ ಜಾಗದಲ್ಲಿಟ್ಟು ಕಪಾಟು ಮುಚ್ಚಿದ. ಚಹಾ ಪಾತ್ರೆಯನ್ನು ಎರಡು ಸಲ ತಿಕ್ಕಿ ತೊಳೆದ.

ಹನ್ನೊಂದು ಗಂಟೆಗೆ ಕಂಪನಿಯವನು ಬಂದ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಸಣ್ಣ ಸೀಸೆಗೆ ನೀರು ಹಿಡಿದು ಔಷಧಿಯ ಹನಿ ಹಾಕಿ ಪರೀಕ್ಷೆ ಮಾಡಿದ. ಅಮೋನಿಯಾ ಸೊನ್ನೆ. ಇರಲೇಬೇಕು, ವಿಷ ಕೂಡಲು ದಿನಗಳು ಬೇಕಲ್ಲ. ಕಪಾಟು ತೆರೆದು ಬಗ್ಗಿ ನೋಡಿ, ಕಂದು ಬಣ್ಣ ಕಂಡು ತಲೆದೂಗಿದ. "ಯಜಮಾನ್ರೇ, ಇಂಥ ಫಿಲ್ಟರ್ ನಾನು ನೋಡೇ ಇಲ್ಲ" ಎಂದು ಕಾಗದಕ್ಕೆ ಸಹಿ ಹಾಕಿದ. ಮೀನಣ್ಣನ ಮನಸ್ಸು ಅಷ್ಟು ಹೊತ್ತಿಗೆ ಹಗುರಾಗಬೇಕಿತ್ತು, ಆಗಲಿಲ್ಲ.

ಮಧ್ಯಾಹ್ನ ಬೀಳ್ಕೊಡುಗೆ. ಹಾರ, ಭಾಷಣ, ಒಂದು ಗೋಡೆ ಗಡಿಯಾರ. ಔಷಧಿ ಅಂಗಡಿಯವ ಅತ್ತ, ಡ್ರೈವರು ನಗಿಸಿದ. ಕಿಟಕಿಯಲ್ಲಿ ಕೂತು ರೋಗಿಗಳ ಚೀಟಿ ಬರೆಯುವವಳು ಮಗಳಿಗೆ ಹೊಸ ತೊಟ್ಟಿ ತಂದಿದೀನಿ ಅಂತ ಡಬ್ಬಿ ಒಡ್ಡಿದಳು, ಒಂದು ಹಿಡಿ ಕೊಟ್ಟ. ಫೋಟೋಕ್ಕೆ ನಿಲ್ಲಿಸಿದರು, ನಿಂತ. ಕಾಲು ಸೋತು ಹೋಗಿತ್ತು. ದೊರೆ ಗಾಜಿನ ಹತ್ತಿರ ಬಂದು ಅವನನ್ನೇ ನೋಡುತ್ತಿದ್ದ. ಮೀನಣ್ಣ ಆ ಕಡೆ ತಿರುಗದೆ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಹೊರಟುಬಿಟ್ಟ.

ಆಮೇಲಿನ ದಿನಗಳು ಸರಿಯಲೊಲ್ಲವು. ಮೂರನೇ ದಿನ ಅವನಿಗೇ ಊಟ ಸೇರಲಿಲ್ಲ. ಕಂಪನಿಯವನು ದಿನಾ ಅರ್ಧ ನೀರು ಬದಲಿಸಿದರೆ ವಿಷ ತಡವಾಗಿ ಏರುತ್ತದೆ, ಹೆಚ್ಚು ಮೇವು ಹಾಕಿದರೆ ಬೇಗ ಏರುತ್ತದೆ. ಲೆಕ್ಕ ಒಂದು ದಿನ ತಪ್ಪಿದರೂ ದೊರೆ ಹೋದ. ನಾಲ್ಕನೇ ದಿನ ಫೋನನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ತಾನೇ ಹೋಗಿಬಿಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟ. ಥೂ, ಇದೆಂಥ ಕೆಲಸ ಮಾಡಿಕೊಂಡೆ ಅನ್ನಿಸಿತು.

ಐದನೇ ದಿನ ಹನ್ನೆರಡು ಗಂಟೆಗೆ ಡಾಕ್ಟರಮ್ಮನೇ ಫೋನು ಮಾಡಿದರು. "ಮೀನಣ್ಣ, ದಯವಿಟ್ಟು ಬನ್ನಿ. ದೊರೆ ಅಡ್ಡ ಬಿದ್ದಿದಾನೆ."

ಮೊದಲೊಂದು ಸಲ ಒಲ್ಲೆ ಅನ್ನಬೇಕೆಂದು ಯೋಜನೆಯಲ್ಲಿತ್ತು. ಅದನ್ನೆಲ್ಲ ಮರೆತು ಬಕೆಟ್ಟು ಎತ್ತಿಕೊಂಡು ಆಟೋ ಹತ್ತಿದ. ತೊಟ್ಟಿಯ ಮುಕ್ಕಾಲು ನೀರು ಬದಲಿಸಿ, ಕ್ಲೋರಿನ್ ಕಳೆಯುವ ಔಷಧಿ ಹಾಕಿ, ನಾಲ್ಕನೆಯ ಚೀಲವನ್ನು ಫಿಲ್ಟರಿನಲ್ಲಿ ತೂಗುಹಾಕಿದ. ದೊರೆಯ ಹೊಟ್ಟೆಗೆ ಅಂಗೈ ಕೊಟ್ಟು ನೆಟ್ಟಗೆ ಹಿಡಿದು, ಒಂದು ಗಂಟೆ ಹಾಗೇ ನಿಂತ. ಕಣ್ಣಲ್ಲಿ ನೀರು ಬಂತು, ಅದು ನಾಟಕವಾಗಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ದೊರೆ ಬಾಲ ಬೀಸಿ ಕೈ ಬಿಡಿಸಿಕೊಂಡು ತಳಕ್ಕಿಳಿದ. ಹಜಾರದಲ್ಲಿದ್ದ ರೋಗಿಗಳೆಲ್ಲ ಚಪ್ಪಾಳೆ ತಟ್ಟಿದರು.

"ಬರೀ ತೊಳೆಯೋ ಕೆಲಸ ಅಂದ್ಕೊಂಡಿದ್ದೆ ನಾನು. ಕ್ಷಮಿಸಿ ಮೀನಣ್ಣ" ಎಂದರು ಡಾಕ್ಟರಮ್ಮ. "ನಾಳೆಯಿಂದ ನೀವೇ ಬನ್ನಿ."

"ತಪ್ಪು ನಂದೇ ಇರ್ಬೇಕು ಮೇಡಂ, ಏನಂತ ಮಾತ್ರ ಗೊತ್ತಾಗ್ತಿಲ್ಲ" ಎಂದ ಕಂಪನಿಯವನು, ತಲೆ ತಗ್ಗಿಸಿ. ಮತ್ತೆ ಕೇಳಿದ, "ಯಜಮಾನ್ರೇ, ಇಷ್ಟು ಒಳ್ಳೆ ಹೆಪ್ಪು ಎಲ್ಲಿತ್ತು?"

ಉತ್ತರ ತಯಾರಿತ್ತು. "ಇದೇ ಫಿಲ್ಟರಿಂದು ಕಣಪ್ಪ. ಹೊರಡೋ ದಿನ ನೆನಪಿಗೆ ಅಂತ ಒಂದು ಚೀಲ ತಗೊಂಡು ಹೋಗಿದ್ದೆ. ಅವತ್ತು ಎಲ್ಲ ಚೆನ್ನಾಗಿತ್ತಲ್ಲ, ನೀವೇ ನೋಡಿದ್ರಿ." ಅವನ ಬಾಡಿದ ಮುಖ ನೋಡಿ ಪಾಪ ಅನ್ನಿಸಿತು. ಆದರೂ ಎಷ್ಟೋ ದಿನಗಳ ಮೇಲೆ ಮಂಡಿನೋವು ಮರೆತಿತ್ತು.

ಅಷ್ಟರಲ್ಲಿ ಚೀಟಿ ಬರೆಯುವವಳು ತನ್ನ ಕಿಟಕಿಯಿಂದ ಎದ್ದು ಬಂದಳು. ಕೈಯಲ್ಲಿ ಡಬ್ಬಿ. "ಒಳ್ಳೇದಾಯ್ತು ಮೀನಣ್ಣ ನೀವು ಬಂದಿದ್ದು. ಕ್ಲೋರಿನ್ ಕಳೆದ ನೀರಿಗೇ ನೀವು ಕೊಟ್ಟ ಹೆಪ್ಪು ಹಾಕಿ, ಹೇಳಿದ ಹಾಗೇ ಅವತ್ತೇ ಐದು ಮೀನು ಬಿಟ್ಟೆ. ಐದೂ ಸತ್ತೋದ್ವು. ಮಗಳು ಊಟ ಬಿಟ್ಟು ಕೂತಿದಾಳೆ. ಕಂಪನಿಯವರಿಗೆ ತೋರಿಸೋಣ ಅಂತ ಉಂಗುರಾನ ಮತ್ತೆ ಡಬ್ಬಿಗೆ ಹಾಕ್ಕೊಂಡು ಬಂದಿದ್ದೆ, ಏನಾಗಿದೆ ನೋಡಿ." ದಿನಕ್ಕೆ ಇನ್ನೂರು ಚೀಟಿ ಬರೆಯುವ ಕೈ ಅದು. ಡಬ್ಬಿಯ ಮುಚ್ಚಳದ ಮೇಲೂ ಚೀಟಿ ಅಂಟಿಸಿದ್ದಳು: 'ಮೀನಣ್ಣನ ಹೆಪ್ಪು', ಕೆಳಗೆ ಆ ಬುಧವಾರದ ತಾರೀಖು. ಕಂಪನಿಯವನು ಡಬ್ಬಿ ತೆರೆದು ಒಂದು ಉಂಗುರ ತೆಗೆದು ಮೂಸಿದ, ಕೊಳೆತ ನಾತಕ್ಕೆ ಮುಖ ಕಿವುಚಿದ. ತೂಗುಹಾಕಿದ ಚೀಲದಿಂದ ಇನ್ನೊಂದು ತೆಗೆದು ಮೂಸಿದ, ಹಸಿ ಮಣ್ಣು. ಎರಡನ್ನೂ ಅಂಗೈಯಲ್ಲಿಟ್ಟು ಡಾಕ್ಟರಮ್ಮನಿಗೆ ಹಿಡಿದ. "ಒಂದೇ ಫಿಲ್ಟರು, ಒಂದೇ ದಿನ ತೆಗೆದದ್ದು, ಮೇಡಂ. ಇವರ ಮನೆಗೆ ಹೋದದ್ದು ಬದುಕಿದೆ, ಬೇರೆಯವರಿಗೆ ಕೊಟ್ಟದ್ದು ಸತ್ತಿದೆ. ಈ ಡಬ್ಬಿ ಇವತ್ತಿನ ತನಕ ನಾನು ಮುಟ್ಟೇ ಇರ್ಲಿಲ್ಲ." ಕೇಳಿದವರಿಗೆ ಇಲ್ಲ ಅನ್ನದ ಕೈ, ಬೀಳ್ಕೊಡುಗೆಯ ಮಧ್ಯಾಹ್ನ, ಬೆಳಿಗ್ಗೆ ತಾನೇ ಕೊಂದದ್ದರಲ್ಲೂ ಒಂದು ಹಿಡಿ ಎತ್ತಿ ಕೊಟ್ಟುಬಿಟ್ಟಿತ್ತು. ಡಾಕ್ಟರಮ್ಮ ಚೀಟಿಯ ತಾರೀಖು ಓದಿದರು, ಇನ್ನೊಂದು ಸಲ ಓದಿದರು. ಆಮೇಲೆ ಮೀನಣ್ಣನ ಕೈಹಿಡಿದು ಗಾಜಿನೆದುರು ತಂದು ನಿಲ್ಲಿಸಿ, ಮೆಲ್ಲಗೆ ಕೇಳಿದರು: "ಏನು ಕಾಣಿಸ್ತಿದೆ ಹೇಳಿ."