ಹಡಗಿನ ದಿನಚರಿಯ ಮುಂದಿನ ಪುಟ

ಭಾನುವಾರ ಬೆಳಿಗ್ಗೆ 8.40ಕ್ಕೆ ನಿವೃತ್ತ ಶಿಕ್ಷಕಿಯೊಬ್ಬರು ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದರು. ಹಡಗು ನಿಲ್ಲುವ ಧಕ್ಕೆಯ ಮೇಲಿನ ಹಳೆಯ ಬಂದರು ಕಚೇರಿಯಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಎರಡು ದಿನದ ಕಡಲ ಪರಂಪರೆ ಮೇಳಕ್ಕೆ ಅವರೇ ಮುಂದಾಳು. ನಲವತ್ತೊಂದು ವರ್ಷದ ಹಿಂದೆ ಬಂಡೆಗೆ ಬಡಿದು ಒಂಬತ್ತು ಜನರನ್ನು ಬಲಿ ತೆಗೆದುಕೊಂಡ ಹಡಗಿನ ದಿನಚರಿ, ಗಾಜಿನ ಪೆಟ್ಟಿಗೆಯಿಂದ ಮಾಯವಾಗಿತ್ತು.

"ಹನ್ನೊಂದಕ್ಕೆ ಸತ್ತವರ ಮನೆಯವರೆಲ್ಲ ಬರ್ತಾರೆ, ತಾಯಿ. ಖಾಲಿ ಪೆಟ್ಟಿಗೆ ತೋರಿಸಿ ಏನಂತ ಹೇಳ್ಲಿ?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, 9.15ಕ್ಕೆ ಸ್ಥಳ ಪಂಚನಾಮೆ ಶುರು ಮಾಡಿದಳು. ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೊರಗೆ ಯಾರೋ ಮೈಕ್ ಪರೀಕ್ಷಿಸುತ್ತಲೇ ಇದ್ದರು. ಜನ ಆಗಲೇ ಬಾಗಿಲಲ್ಲಿ ಸಾಲುಗಟ್ಟಿದ್ದರು. ಗಾಜಿಗೆ ಗೀರಿಲ್ಲ, ಬೀಗಕ್ಕೆ ಏಟಿಲ್ಲ. ಹೆಡ್ ಕಾನ್‌ಸ್ಟೆಬಲ್ ಮಂಡಿಯೂರಿ ಪೆಟ್ಟಿಗೆಯ ಹಿಂಬದಿಗೆ ಟಾರ್ಚ್ ಹಿಡಿದ. ಹಲಗೆಯ ಸ್ಕ್ರೂಗಳನ್ನು ಬಿಚ್ಚಿ ಮತ್ತೆ ಕೂರಿಸಿ, ಮೇಲೆ ಮರದ ಬಣ್ಣದ್ದೇ ಮೇಣ ತುಂಬಲಾಗಿತ್ತು.

"ಮೇಡಂ, ಕದ್ದ ಮೇಲೆ ಯಾರಾದ್ರೂ ಕೂತು ಮೇಣ ತಿಕ್ತಾರಾ?"

"ಪೆಟ್ಟಿಗೆ ಮಾಡಿದೋನು ತಿಕ್ತಾನೆ." ಅವಳು ಶಿಕ್ಷಕಿಯತ್ತ ತಿರುಗಿದಳು. "ಬಡಗಿ ಯಾರು?"

ಶಿಕ್ಷಕಿಯ ಮುಖ ಸಪ್ಪಗಾಯಿತು. "ಅವರು ಅಂಥೋರಲ್ಲ. ನಿನ್ನೆ ಸಂಜೆ ಮಾತ್ರ, ಒಂದೇ ಒಂದು ಪುಟ ಮಗುಚಿ ಅಂತ ಅಂಗಲಾಚಿದ್ರು. ಹಾಳೆ ಪುಡಿಯಾಗತ್ತೆ, ಆಗಲ್ಲ ಅಂದೆ."

"ತೆರೆದಿಟ್ಟ ಪುಟದಲ್ಲಿ ಏನಿತ್ತು?"

"ರಾತ್ರಿ 2.10ಕ್ಕೆ ದೀಪಸ್ತಂಭದ ದೀಪ ಕಾಣ್ತಿಲ್ಲ ಅಂತ. ಕಾವಲುಗಾರ ನಿದ್ದೆ ಹೋಗಿದ್ದ ಅಂತ ನಾವು ಪಕ್ಕದಲ್ಲಿ ಫಲಕ ಹಾಕಿದ್ವಿ."

"ಆ ಕಾವಲುಗಾರನಿಗೂ ಬಡಗಿಗೂ ಏನು ಸಂಬಂಧ?"

"ಅಪ್ಪ."

"ಗೊತ್ತಿದ್ದೂ ಹಾಕಿದ್ರಾ?"

ಶಿಕ್ಷಕಿ ಬಾಗಿಲಿಗೆ ಬಂದು ಬಡಗಿಯ ಮನೆಯ ದಾರಿ ತೋರಿಸಿದರು.

10.05. ದೋಣಿ ಕಟ್ಟುವ ಅಂಗಳದ ಹಿಂದಿನ ಮನೆ. ಬಾಗಿಲು ತೆರೆದೇ ಇತ್ತು. ಐವತ್ತು ದಾಟಿದ ಬಡಗಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪುಸ್ತಕ ಇಟ್ಟುಕೊಂಡಿದ್ದ. ಎದುರಿಗೆ ಕಣ್ಣು ಮಂಜಾದ ತಾಯಿ.

"ಇನ್ನೊಂದ್ಸಲ ಓದೋ, ಮಗನೇ. ನಿಧಾನಕ್ಕೆ."

ಪೊಲೀಸರನ್ನು ಕಂಡರೂ ಅವನು ನಿಲ್ಲಿಸಲಿಲ್ಲ. "'2.25. ಮಂಜು ಸರಿಯಿತು. ದೀಪ ಉರಿಯುತ್ತಲೇ ಇದೆ. ದಾರಿ ತಪ್ಪಿದವರು ನಾವು.'"

ಬಾಗಿಲಲ್ಲಿ ಬೂಟಿನ ಸದ್ದು ಕೇಳಿ ಮುದುಕಿ ಅತ್ತ ತಿರುಗಿದಳು. "ಯಾರಪ್ಪಾ? ಕೇಳಿದ್ರಾ? ಉರೀತಾನೇ ಇತ್ತಂತೆ."

ಇನ್‌ಸ್ಪೆಕ್ಟರ್ ಬಡಗಿಯತ್ತ ತಿರುಗಿದಳು. "ಮೇಳ ಮುಗಿಯೋವರೆಗಾದ್ರೂ ಕಾಯ್ಬಹುದಿತ್ತಲ್ಲ?"

"ಮುಗಿದ್ಮೇಲೆ ಅದು ಮತ್ತೆ ಬೀರು ಸೇರತ್ತೆ, ಮೇಡಂ. ದೀಪ ಆರಿರ್ಲಿಲ್ಲ ಅಂತಿದ್ದ ಅಪ್ಪ, ಸಾಯೋವರೆಗೂ ಬೀದಿಗೆ ಮುಖ ತೋರಿಸ್ಲಿಲ್ಲ. ಅಮ್ಮನ ಕಿವಿ ಕೇಳ್ತಿರೋವಾಗ್ಲೇ ಒಂದ್ಸಲ ಓದಿ ಹೇಳ್ಬೇಕಿತ್ತು. ಮಧ್ಯಾಹ್ನ ನಾನೇ ತಂದಿಡೋನಿದ್ದೆ."

10.30ಕ್ಕೆ ಕಾರಣ ತಿಳಿಸಿ ಅವನನ್ನು ಬಂಧಿಸಲಾಯಿತು. ಜಪ್ತಿ ಪಂಚನಾಮೆಯಲ್ಲಿ 'ಹಳೆಯ ದಿನಚರಿ ಒಂದು' ಎಂದು ಬರೆದರೆ ಸಾಕಿತ್ತು. ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ನಿಂದ ಎರಡೂ ಪುಟಗಳನ್ನು ಅಕ್ಷರ ಬಿಡದೆ ಬರೆಸಿದಳು.

"ಇಷ್ಟೆಲ್ಲ ಬೇಕಾ, ಮೇಡಂ?"

"ಬರೀರಿ. ಆಮೇಲೆ ಜೋರಾಗಿ ಓದಿ."

ಸಾಕ್ಷಿಗೆ ಕರೆದ ಪಂಚರಲ್ಲಿ ಒಬ್ಬ ಪಕ್ಕದ ಮನೆಯ ಮೀನುಗಾರ. ಅವನ ಅಣ್ಣ ಆ ಹಡಗಿನಲ್ಲೇ ಸತ್ತಿದ್ದ. ನಲವತ್ತೊಂದು ವರ್ಷ ಈ ಹೊಸ್ತಿಲು ತುಳಿದವನಲ್ಲ. ಓದಿದ್ದು ಕೇಳಿ ಸಹಿ ಹಾಕಿದ. ಜೀಪು ಹೊರಟಾಗ ಅವನು ಒಳಗೆ ಹೋಗಿ, ಮುದುಕಿಯ ಪಕ್ಕದಲ್ಲಿ ಕುಳಿತು, "ಅಕ್ಕಾ" ಎಂದು ಕರೆಯುತ್ತಿದ್ದ.