ಸಾಯಲೊಲ್ಲದ ಅಂಬಿಗಜ್ಜ

"ನಮ್ಮ ಅಜ್ಜನ್ನ ಯಾಕ್ರೀ ಸಾಯೋಕೆ ಬಿಡ್ತಿಲ್ಲ ನೀವು?!"

ಬಾಗಿಲಲ್ಲೇ ನಿಂತು ಅವಳು ಕಿರುಚಿದಾಗ, ಗೇಮ್ ಟೆಸ್ಟ್ ಮಾಡುವ ಹುಡುಗ ಬಾಯಲ್ಲಿದ್ದ ಚಮಚವನ್ನೂ ತೆಗೆಯದೆ ತಿರುಗಿ ನೋಡಿದ.

ಅಯ್ಯೋ... ಈ ಕಳ್ಳನಿಗೆ ಇಷ್ಟು ಪಾಪದ ಕಣ್ಣಾ?

ಅವಳು ಆ ಗೇಮಿನ ಕಥೆ ಬರೆಯುವವಳು. ಅಜ್ಜ ಎಂದರೆ ಅವಳ ಕಥೆಯ ಅಂಬಿಗ. ನಾಯಕಿಯನ್ನು ನದಿ ದಾಟಿಸುವಾಗ ಬಾಣ ತಗುಲಿ ಅವನು ಸಾಯಬೇಕು. ಆದರೆ ಬೆಳಿಗ್ಗೆ ತಂಡದ ಮುಖ್ಯಸ್ಥೆ ಆಡಿ ನೋಡಿದಾಗ, ಮೈತುಂಬ ಮೂವತ್ತು ಬಾಣ ಚುಚ್ಚಿಸಿಕೊಂಡೂ ಅಜ್ಜ ಆರಾಮಾಗಿ ಹುಟ್ಟು ಹಾಕುತ್ತಲೇ ಇದ್ದ!

"ಎಲ್ಲರೂ ಬಿದ್ದೂ ಬಿದ್ದೂ ನಕ್ರು! ಸಂಜೆಯೊಳಗೆ ಸರಿಹೋಗದಿದ್ರೆ ಆ ದೃಶ್ಯಾನೇ ತೆಗೀತಾರಂತೆ. ಅಜ್ಜನಿಗೆ 'ಸಾಯಬಾರದು' ಅಂತ ಟಿಕ್ ಹಾಕಿದ್ದು ನೀವೇ. ನಿಮ್ಮ ಲಾಗಿನ್ನೇ ತೋರಿಸ್ತಿದೆ!"

"ನಾನೇ... ತೆಗೆಯೋದು ಮರ್ತುಬಿಟ್ಟೆ. ಸಾರಿ ರೀ."

"ನನ್ನ ಕಥೆ ಮೇಲೆ ಏನ್ ಕೋಪ ನಿಮಗೆ?"

"ಕೋಪಾನಾ? ತಪ್ಪು ಹುಡುಕೋಕೆ ಆ ನದೀನ ದಿನಕ್ಕೆ ಎಂಬತ್ತು ಸಲ ದಾಟ್ತೀನಿ. ಎಂಬತ್ತು ಸಲಾನೂ ಅಜ್ಜ 'ಹುಷಾರು ಮಗಳೇ' ಅಂತ ಸಾಯ್ತಾನೆ. ಊಟ ಗಂಟಲಲ್ಲಿ ಇಳೀತಿರ್ಲಿಲ್ಲ. ಅದಕ್ಕೇ..."

ಬರೆದ ನಾನೇ ಅಳಲಿಲ್ಲ. ಇವನು ಅತ್ತನಾ?!

ಕುತೂಹಲ ತಡೆಯಲಾಗದೆ ಅವಳು ಕುರ್ಚಿ ಎಳೆದು ಕೂತಳು.

"ಹಾಗಾದ್ರೆ ಅಜ್ಜ ಬದುಕ್ಬೇಕಾ?"

"ಬದುಕಿಸಿದ್ರೆ ಆಮೇಲೆ ಬಾಣಕ್ಕೆ ಯಾರೂ ಹೆದರಲ್ಲ. ಸಾಯ್ಲಿ. ಆದ್ರೆ ಎಲ್ಲಿಂದಲೋ ಬಂದ ಬಾಣಕ್ಕೆ ಯಾಕೆ? ಸುಮ್ನೆ ನಮ್ಮನ್ನ ಅಳಿಸೋಕಾ?"

ಅವಳಿಗೆ ಚುರುಕ್ ಎಂದಿತು. ಎಷ್ಟು ನಿಜ!

ಅವನು ಟಿಕ್ ತೆಗೆದ. ಅವಳು ಅಲ್ಲೇ ಹೊಸದಾಗಿ ಬರೆದಳು. ಈಗ ಅಜ್ಜ ನಾಯಕಿಯನ್ನು ದಡಕ್ಕೆ ಇಳಿಸುತ್ತಾನೆ. ಇರುವುದೊಂದೇ ದೋಣಿ, ಅದು ಶತ್ರುಗಳ ಕೈಗೆ ಸಿಗಬಾರದೆಂದು ನಡುನೀರಿಗೆ ಒಯ್ದು ತಾನೇ ಮುಳುಗಿಸುತ್ತಾನೆ... ತನ್ನ ಜೊತೆಗೇ.

ಸಂಜೆ ಮುಖ್ಯಸ್ಥೆ ಆಡಿದರು. ಯಾರೂ ನಗಲಿಲ್ಲ. ಕನ್ನಡಕ ಒರೆಸಿಕೊಂಡು, "ಇದು ಇರ್ಲಿ" ಎಂದಷ್ಟೇ ಹೇಳಿ ಎದ್ದು ಹೋದರು.

ಖುಷಿಯಲ್ಲಿ ಮೆಟ್ಟಿಲಿಳಿಯುತ್ತಿದ್ದವಳನ್ನು ಅವನು ಕರೆದ.

"ಒಂದು ಹೇಳ್ಲಾ? ಆ 'ಹುಷಾರು ಮಗಳೇ' ಬರೆದೋರು ಯಾರು ಅಂತ ನೋಡೋಕೆ ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ."

"ಎಷ್ಟು ಸಲ?!"

"ಅದನ್ನ ಎಣಿಸಿಲ್ಲ. ಇವತ್ತು ನೋಡಿದ್ಮೇಲಂತೂ... ಇಷ್ಟ ಆಗ್ಬಿಟ್ರಿ."

ಅವಳು ಇಳಿದಿದ್ದ ಮೆಟ್ಟಿಲನ್ನು ಮತ್ತೆ ಹತ್ತಿ ಬಂದಳು!

"ಮತ್ತೆ ಯಾಕೆ ಒಳಗೆ ಬರ್ಲಿಲ್ಲ?"

"ಭಯ... ಈಗ್ಲೂ ಇದೆ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ನಂಗೂ ಭಯಾನೇ ಕಣೋ. ಕೈ ಬಿಡ್ಬೇಡ."